ಹಳೆಯ ಕತೆಯನ್ನು ಮತ್ತೆ ಹೇಳುವುದು ಹೇಗೆ: ನಮ್ಮ ಸೀಮೆಯ ಬರಹಗಾರರಿಗೆ ಒಂದು ಮಾರ್ಗದರ್ಶಿ

ಹುಬ್ಬಳ್ಳಿಯಿಂದ ಗದಗಕ್ಕೆ ಹೋಗುವ ರೈಲುದಾರಿಯಲ್ಲಿ ಅಣ್ಣಿಗೇರಿ ಬರುತ್ತದೆ. ಆದಿಕವಿ ಪಂಪನ ತಾಯಿಯ ಕಡೆಯವರ ಊರು ಅದು. ಮುಂದೆ ಗದಗದಲ್ಲಿ ವೀರನಾರಾಯಣನ ಗುಡಿ. ಕೋಳಿವಾಡದ ನಾರಣಪ್ಪ ಅಲ್ಲಿನ ಕಂಬವೊಂದರ ಬುಡದಲ್ಲಿ ಕುಳಿತು ಭಾರತವನ್ನು ಬರೆದು ಕುಮಾರವ್ಯಾಸನಾದ ಎಂದು ಜನ ಇಂದಿಗೂ ಆ ಕಂಬವನ್ನು ತೋರಿಸುತ್ತಾರೆ. ಹಾವೇರಿಯ ಕಡೆಗೆ ತಿರುಗಿದರೆ ಬಾಡ, ಕಾಗಿನೆಲೆ. ಅದು ಕನಕದಾಸರ ನೆಲ. ಈ ಮೂವರೂ ಕೇಳುಗರಿಗೆ ಮೊದಲೇ ಗೊತ್ತಿದ್ದ ಕತೆಯನ್ನು ಎತ್ತಿಕೊಂಡವರು. ಕತೆ ಗೊತ್ತಿದ್ದವರನ್ನೂ ಕೊನೆಯವರೆಗೆ ಕೂಡಿಸಿಕೊಂಡವರು.

ಅದೇ ಸೀಮೆಯ ಹುಡುಗ ಹುಡುಗಿಯರು ಇಂದು ಪುರಾಣಗಳನ್ನೂ ಅಜ್ಜಿ ಕತೆಗಳನ್ನೂ ಹೊಸದಾಗಿ ಬರೆಯುತ್ತಿದ್ದಾರೆ. ನನಗೆ ಅದರಿಂದ ಬಹಳ ಸಂತೋಷ. ಆದರೆ ಓದುವಾಗ ಒಂದೇ ಬಗೆಯ ತೊಂದರೆ ಮತ್ತೆ ಮತ್ತೆ ಎದುರಾಗುತ್ತದೆ. ಒಳ್ಳೆಯವನನ್ನು ಕೆಟ್ಟವನನ್ನಾಗಿ, ಕೆಟ್ಟವನನ್ನು ಒಳ್ಳೆಯವನನ್ನಾಗಿ ಮಾಡಿದರೆ ಮರುಕಥನ ಮುಗಿಯಿತು ಎಂದು ಅನೇಕರು ತಿಳಿದಿದ್ದಾರೆ. ರಾಕ್ಷಸ ಅಳುತ್ತಾನೆ, ರಾಜಕುಮಾರಿ ಮದುವೆ ಬೇಡವೆನ್ನುತ್ತಾಳೆ, ಅಲ್ಲಿಗೆ ಕತೆ ನಿಂತುಬಿಡುತ್ತದೆ. ಬಣ್ಣ ಬದಲಾಯಿತು, ಕತೆ ಬದಲಾಗಲಿಲ್ಲ.

ಪ್ರತಿ ಹಳೆಯ ಕತೆಗೂ ಬಂಡಿಗೆ ಇರುವಂತೆ ಒಂದು ಕಡೆಗೀಲು ಇರುತ್ತದೆ. ಎತ್ತು ಬದಲಿಸಬಹುದು, ಹೇರು ಬದಲಿಸಬಹುದು, ದಾರಿಯನ್ನೇ ತಿರುಗಿಸಬಹುದು. ಕಡೆಗೀಲು ಕಿತ್ತರೆ ಮಾತ್ರ ಗಾಲಿ ಕಳಚುತ್ತದೆ. ಮರುಕಥನದ ಕೆಲಸವೆಲ್ಲ ಈ ಕೀಲನ್ನು ಗುರುತಿಸುವುದರಲ್ಲಿದೆ. ಅದನ್ನು ಮಾಡುವ ಬಗೆಯನ್ನು ಕೆಳಗೆ ಹೇಳುತ್ತೇನೆ.

ಮೊದಲು: ನಿಮ್ಮ ತಕರಾರು ಇರುವ ಕತೆಯನ್ನೇ ಆರಿಸಿ

ತುಂಬ ಇಷ್ಟವಾದ ಕತೆಯನ್ನು ಮತ್ತೆ ಹೇಳಲು ಹೋದರೆ ಅದನ್ನು ಮುಟ್ಟಲು ಕೈ ಬರುವುದಿಲ್ಲ. ಸಣ್ಣವರಿದ್ದಾಗ ಕೇಳಿ, "ಅದು ಹಾಗೇಕೆ ಆಯಿತು?" ಎಂದು ಕೇಳಿದಾಗ ದೊಡ್ಡವರು ಸುಮ್ಮನಾಗಿಸಿದ ಕತೆ ಯಾವುದು? ಅದನ್ನು ಆರಿಸಿ. ಆ ಪ್ರಶ್ನೆಯನ್ನು ಒಂದು ಹಾಳೆಯ ಮೇಲೆ ಒಂದೇ ವಾಕ್ಯದಲ್ಲಿ ಬರೆದು ಎದುರಿಗೆ ಇಟ್ಟುಕೊಳ್ಳಿ. ವಾಕ್ಯ ಎರಡಾದರೆ ನಿಮ್ಮ ಪ್ರಶ್ನೆ ಇನ್ನೂ ಮಾಗಿಲ್ಲ.

ಎರಡನೆಯದು: ಒಂದು ಕತೆಯ ಹಲವು ಪಾಠಗಳನ್ನು ಕೂಡಿಸಿ

ಒಂದೇ ಕತೆಯನ್ನು ಬೇರೆ ಬೇರೆಯವರು ಹೇಳಿದ ಒಂದೊಂದು ರೂಪವೂ ಒಂದು ಪಾಠ. "ಮೂಲ ಕತೆ" ಎಂಬ ಮಾತನ್ನು ಸ್ವಲ್ಪ ದೂರ ಇಡಿ. ಗಾಜಿನ ಪಾದರಕ್ಷೆಯ ಸಿಂಡ್ರೆಲಾ ನಮಗೆ ಬಂದದ್ದು ಫ್ರಾನ್ಸಿನ ಪೆರೋ 1697ರಲ್ಲಿ ಪ್ರಕಟಿಸಿದ ಪಾಠದಿಂದ. ಜರ್ಮನಿಯ ಗ್ರಿಮ್ ಸಹೋದರರ ಪಾಠದಲ್ಲಿ ಅವಳಿಗೆ ನೆರವಾಗುವುದು ತಾಯಿಯ ಸಮಾಧಿಯ ಮೇಲೆ ಬೆಳೆದ ಮರ. ಅದಕ್ಕಿಂತ ಎಷ್ಟೋ ಹಿಂದೆ, ಒಂಬತ್ತನೆಯ ಶತಮಾನದ ಚೀನಾದಲ್ಲಿ ಬರೆದಿಟ್ಟ ಕತೆಯಲ್ಲಿ ಅದೇ ಕೆಲಸವನ್ನು ಒಂದು ಮೀನು ಮಾಡುತ್ತದೆ. ನಮ್ಮಲ್ಲಿ ಅವಳು ಹಂಚಿ: ತನ್ನ ರೂಪವನ್ನು ಮಣ್ಣಿನ ಮುಖವಾಡದಡಿ ಬಚ್ಚಿಟ್ಟು ಬದುಕುವ ಹುಡುಗಿ. 1950ರ ದಶಕದಲ್ಲಿ ಬೆಳಗಾವಿಯಲ್ಲಿ ಪಾಠ ಮಾಡುತ್ತಿದ್ದ ಎ.ಕೆ. ರಾಮಾನುಜನ್ ಅವರು ಈ ಭಾಗದ ಹೆಂಗಸರ ಬಾಯಿಂದ ಇಂಥ ಕತೆಗಳನ್ನು ಕೇಳಿ ಬರೆದುಕೊಂಡರು.

ಪಾಠಗಳನ್ನು ಹೋಲಿಸಿದಾಗ ಬದಲಾದ ಜಾಗಗಳು ಕಣ್ಣಿಗೆ ಬೀಳುತ್ತವೆ. ಗ್ರಿಮ್ ಸಹೋದರರ 1812ರ ಮೊದಲ ಮುದ್ರಣದಲ್ಲಿ ಹಿಮಬಿಳುಪಿನ ಹುಡುಗಿ ಸ್ನೋ ವೈಟ್‌ಳನ್ನು ಕೊಲ್ಲಿಸಲು ಹೊರಟವಳು ಹೆತ್ತ ತಾಯಿ. 1819ರ ಮುದ್ರಣಕ್ಕೆ ಬರುವಷ್ಟರಲ್ಲಿ ಅವಳು ಮಲತಾಯಿಯಾಗಿದ್ದಳು. ಕೆಂಪು ಟೋಪಿಯ ಹುಡುಗಿಯನ್ನು ಪೆರೋನ ಪಾಠದಲ್ಲಿ ಯಾರೂ ಬದುಕಿಸುವುದಿಲ್ಲ. ತೋಳದ ಹೊಟ್ಟೆ ಸೀಳುವ ಬೇಟೆಗಾರ ಆಮೇಲೆ ಬಂದವನು. ಹೇಳುವವರಿಗೆ ಯಾವ ಸಂಗತಿ ಹೇಳಲಾಗಲಿಲ್ಲವೋ ಅಲ್ಲೇ ಅವರು ತಿದ್ದಿದರು. ಆ ತಿದ್ದುಪಡಿಯ ಗುರುತಿನಲ್ಲಿ ನಿಮ್ಮ ಕತೆ ಕಾದು ಕುಳಿತಿರಬಹುದು.

ಪಾಠಗಳು ಎಲ್ಲಿ ಸಿಗುತ್ತವೆ? ಮೊದಲು ಮನೆಯಲ್ಲಿ. ಒಂದೇ ಕತೆಯನ್ನು ಅಜ್ಜಿಯಿಂದಲೂ ಅತ್ತೆಯಿಂದಲೂ ಬೇರೆ ಬೇರೆ ಕೂಡಿಸಿಕೊಂಡು ಕೇಳಿ. ಇಬ್ಬರೂ ಒಟ್ಟಿಗೆ ಕುಳಿತರೆ ಒಬ್ಬರು ಇನ್ನೊಬ್ಬರ ಪಾಠಕ್ಕೆ ಒಪ್ಪಿಬಿಡುತ್ತಾರೆ. ಮೊಬೈಲಿನಲ್ಲಿ ಧ್ವನಿ ಮುದ್ರಿಸುವ ಮುನ್ನ ಅನುಮತಿ ಕೇಳಿ, ನಡುವೆ ಬಾಯಿ ಹಾಕಬೇಡಿ, "ಇದನ್ನು ಯಾರಿಂದ ಕೇಳಿದಿರಿ, ಯಾವ ಹೊತ್ತಿನಲ್ಲಿ ಹೇಳುತ್ತಿದ್ದರು" ಎಂದು ಕೊನೆಗೆ ವಿಚಾರಿಸಿ. ಪಂಚಮಿಯ ಜೋಕಾಲಿಗೆ ಒಂದು ಹಾಡು, ಸೀಗಿ ಹುಣ್ಣಿಮೆಯ ಹೊಲಕ್ಕೆ ಇನ್ನೊಂದು, ಕಣದಲ್ಲಿ ಎತ್ತು ತಿರುಗುವಾಗ ಹಂತಿಯ ಹಾಡು: ಹೊತ್ತು ತಪ್ಪಿದರೆ ಹೇಳುವವರಿಗೂ ನೆನಪಾಗುವುದಿಲ್ಲ. ಮನೆಯ ಆಚೆಗೆ ಹೋಗುವುದಾದರೆ ಶಿಗ್ಗಾಂವಿ ತಾಲೂಕಿನ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ. ಎರಡೂ ಕಡೆ ಜಾನಪದವನ್ನೇ ಓದಿದವರು ಸಿಗುತ್ತಾರೆ.

ಮೂರನೆಯದು: ಕಡೆಗೀಲು ಹುಡುಕಿ

ಇಲ್ಲಿ ಸಾವಧಾನ ಬೇಕು. ನಮ್ಮ ಕಡೆಯ ಯಾರಿಗೂ ಹೇಳಿಕೊಡಬೇಕಾಗಿಲ್ಲದ ಒಂದು ಕತೆಯನ್ನು ತೆಗೆದುಕೊಳ್ಳೋಣ: ಕೆರೆಗೆ ಹಾರ ಎಂಬ ಜನಪದ ಹಾಡಿನ ಕತೆ. ಮಲ್ಲನಗೌಡ ಕೆರೆ ಕಟ್ಟಿಸುತ್ತಾನೆ, ನೀರು ಬೀಳುವುದಿಲ್ಲ. ಸೊಸೆಯೊಬ್ಬಳನ್ನು ಆಹುತಿ ಕೊಡಬೇಕೆಂದು ಆಗುತ್ತದೆ. ಪಾಳಿ ಕಿರಿಯ ಸೊಸೆ ಭಾಗೀರಥಿಯ ಮೇಲೆ ಬರುತ್ತದೆ. ಅವಳು ತವರಿಗೆ ಹೋಗುತ್ತಾಳೆ, ತಂದೆ ತಾಯಿಗೆ ನಿಜ ಹೇಳುವುದಿಲ್ಲ, ಗೆಳತಿಗೆ ಮಾತ್ರ ಹೇಳುತ್ತಾಳೆ. ತಿರುಗಿ ಬಂದು, ಗಂಗೆಯ ಪೂಜೆಗೆ ಎಲ್ಲರೊಡನೆ ಹೋಗುತ್ತಾಳೆ. ಬಂಗಾರದ ಬಟ್ಟಲನ್ನು ಮರೆತು ಬಂದೆವೆಂಬ ನೆಪದಲ್ಲಿ ಅವಳನ್ನು ಮರಳಿ ಕಳಿಸುತ್ತಾರೆ. ಮೆಟ್ಟಿಲು ಮೆಟ್ಟಿಲಾಗಿ ನೀರು ಏರುತ್ತದೆ. ದಂಡಿನಲ್ಲಿದ್ದ ಗಂಡ ಮಾದೇವರಾಯ ಕೆಟ್ಟ ಕನಸು ಕಂಡು ಓಡಿ ಬಂದು, ಕೊನೆಗೆ ತಾನೂ ಕೆರೆಗೆ ಹಾರುತ್ತಾನೆ.

ಈಗ ಒಂದೊಂದನ್ನೇ ತೆಗೆದು ನೋಡಿ. ಗೌಡನನ್ನು ತೆಗೆದು ಪಂಚಾಯಿತಿಯನ್ನು ಇಟ್ಟರೆ? ಕತೆ ನಡೆಯುತ್ತದೆ. ಕೆರೆಯ ಬದಲು ಅಣೆಕಟ್ಟು? ನಡೆಯುತ್ತದೆ. ಗಂಡನ ಸಾವನ್ನು ಬಿಟ್ಟರೆ? ಕುಂಟುತ್ತದೆ, ಬೀಳುವುದಿಲ್ಲ. ಭಾಗೀರಥಿಗೆ ಏನೂ ಗೊತ್ತಿರಲಿಲ್ಲ, ಮೋಸದಿಂದ ಕೊಂದರು ಎಂದರೆ? ಅಲ್ಲಿ ಗಾಲಿ ಕಳಚಿತು. ಅದು ಅಪರಾಧದ ಸುದ್ದಿಯಾಯಿತು, ಓದುಗ ಕೊಂದವರನ್ನು ಬೈದು ಪುಟ ಮಗುಚಿದ. ಅವಳು ತಪ್ಪಿಸಿಕೊಂಡು ಓಡಿ ಹೋದಳು, ಹೊಸ ಬದುಕು ಕಟ್ಟಿಕೊಂಡಳು ಎಂದರೆ? ಓದುವಾಗ ಹಿತವಾಗುತ್ತದೆ, ನನಗೂ ಆಗುತ್ತದೆ. ಆದರೆ ಊರಿಗೆ ನೀರಿಲ್ಲ ಎಂಬ ಸಂಗತಿ ಎಲ್ಲಿಗೆ ಹೋಯಿತು? ಹೀಗಾಗಿ ಕೀಲು ಎರಡು ಸಂಗತಿಗಳ ನಡುವೆ ಇದೆ: ಊರಿಗೆ ನೀರು ನಿಜವಾಗಿ ಬೇಕು, ಮತ್ತು ಅವಳಿಗೆ ಎಲ್ಲವೂ ಗೊತ್ತು. ಇವೆರಡನ್ನೂ ಉಳಿಸಿಕೊಂಡು ಉಳಿದುದನ್ನು ನೀವು ಏನು ಬೇಕಾದರೂ ಮಾಡಿ. ಅವಳು ಓಡಿ ಹೋಗುವುದಾದರೂ ಸರಿ, ಒಣ ಕೆರೆಯೂ ಅವಳ ಬೆನ್ನ ಹಿಂದೆ ಬರಬೇಕು.

ನಾಲ್ಕನೆಯದು: ಬಾಯಿ ಮುಚ್ಚಿ ನಿಂತವರನ್ನು ನೋಡಿ

ನಾಯಕಿಯ ಬಾಯಿಂದ ಕತೆ ಹೇಳಿಸುವುದು ಎಲ್ಲರಿಗೂ ಮೊದಲು ಹೊಳೆಯುವ ದಾರಿ. ಅದಕ್ಕೂ ಒಳಗಿನ ದಾರಿಯಿದೆ. ಕತೆಯಲ್ಲಿ ಒಂದೇ ಒಂದು ಮಾತಾಡಿ ಮರೆಯಾಗುವವರ ಪಟ್ಟಿ ಮಾಡಿ. ಕೆರೆಗೆ ಹಾರದಲ್ಲಿ ಪಾರಾದ ಹಿರಿಯ ಸೊಸೆಯಂದಿರಿದ್ದಾರೆ, ಪಂಚಾಂಗ ನೋಡಿದವರಿದ್ದಾರೆ, ಬಟ್ಟಲನ್ನು ಬೇಕೆಂದೇ ಬಿಟ್ಟು ಬಂದ ಕೈ ಒಂದಿದೆ. ನನ್ನ ಕಣ್ಣು ಹೋಗುವುದು ಗೆಳತಿಯ ಮೇಲೆ. ಸತ್ಯ ಕೇಳಿದ ಹೊರಗಿನವಳು ಅವಳೊಬ್ಬಳೇ. ಹಾಡಿನಲ್ಲಿ ಅವಳು ಭಾಗೀರಥಿಗೆ ಹೇಳುವುದು, ಅವರು ಇಟ್ಟ ಹಾಗೆ ಇರಬೇಕು ಎಂಬ ಅರ್ಥದ ಮಾತು. ಅದನ್ನು ಹೇಳಿ ಅವಳು ಹಾಡಿನಿಂದ ಹೊರಗೆ ಹೋಗುತ್ತಾಳೆ. ಆಮೇಲೆ ಎಷ್ಟು ವರ್ಷ ಬದುಕಿದಳೋ, ಹೇಗೆ ಬದುಕಿದಳೋ.

ಅವಳಿಂದ ಹೇಳಿಸುವಾಗ ಹೀಗೆ ಬರೆದರೆ ಸೊರಗುತ್ತದೆ: "ನಾನು ಅಂದು ತಪ್ಪು ಮಾಡಿದೆ. ಸಮಾಜದ ಕಟ್ಟಳೆಗೆ ಹೆದರಿ ಗೆಳತಿಯನ್ನು ಸಾವಿಗೆ ದೂಡಿದೆ." ಎರಡೇ ವಾಕ್ಯದಲ್ಲಿ ತೀರ್ಪು ಬಂದುಬಿಟ್ಟಿತು, ಓದುಗನಿಗೆ ಕೆಲಸವೇ ಉಳಿಯಲಿಲ್ಲ. ಬದಲಿಗೆ ಹೀಗೆ:

"ಕೆರೆ ತುಂಬಿದ ಮೇಲೆ ನಮ್ಮ ಹಿತ್ತಿಲ ಬಾವಿಗೂ ನೀರು ಬಂತು. ಈಗ ಬೇಸಿಗೆಯಲ್ಲೂ ಉದ್ದದ ಹಗ್ಗ ಬೇಡ. ಎಲ್ಲರೂ ಭಾಗೀರಥಿಯ ಹೆಸರು ಹೇಳಿ ಕೊಡ ಮುಳುಗಿಸುತ್ತಾರೆ. ನಾನು ಹೇಳುವುದಿಲ್ಲ. ಅವಳು ಬಂದು ಆ ಮಾತು ಹೇಳಿದ ಹೊತ್ತಿನಲ್ಲಿ ನಾನು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಲ್ಲಿಸಿದೆನೋ, ಬಡಿಯುತ್ತಲೇ ಇದ್ದೆನೋ? ಅದೊಂದು ನೆನಪಾಗುತ್ತಿಲ್ಲ."

ಇಲ್ಲಿ ಗೆಳತಿ ತನ್ನನ್ನು ದೂರಿಕೊಳ್ಳುವುದೂ ಇಲ್ಲ, ಬಿಡಿಸಿಕೊಳ್ಳುವುದೂ ಇಲ್ಲ. ಅವಳೂ ಆ ನೀರನ್ನೇ ಕುಡಿಯುತ್ತಿದ್ದಾಳೆ. ಕೀಲು ಭದ್ರವಾಗಿದೆ, ಕತೆ ಮಾತ್ರ ಬೇರೆಯವರ ಅಂಗಳಕ್ಕೆ ಬಂದಿದೆ.

ಐದನೆಯದು: ಊರಿಗೆ ತರುವಾಗ ಒಡವೆ ನೋಡಿ ಮರುಳಾಗಬೇಡಿ

ದೂರದ ಕತೆಯನ್ನು ನಮ್ಮ ಸೀಮೆಗೆ ತರುವುದು ಖುಷಿಯ ಕೆಲಸ. ಅಪಾಯವೂ ಅಲ್ಲೇ. ಸಿಂಡ್ರೆಲಾಳನ್ನು ಹಾವೇರಿಗೆ ತಂದವರಿಗೆ ಪಾದರಕ್ಷೆಯ ಬದಲು ಏಲಕ್ಕಿ ಮಾಲೆ ಥಟ್ಟನೆ ಹೊಳೆಯುತ್ತದೆ. ಪರಿಮಳವಿದೆ, ಹೆಸರಿದೆ, ಊರಿನ ಗುರುತಿದೆ. ಆದರೆ ಪಾದರಕ್ಷೆ ಆ ಕತೆಯಲ್ಲಿ ಮಾಡುವ ಕೆಲಸವೇನು? ಅದು ಒಬ್ಬಳಿಗೆ ಮಾತ್ರ ಹೊಂದುತ್ತದೆ. ಮಾಲೆ ಯಾರ ಕೊರಳಿಗಾದರೂ ಹೊಂದುತ್ತದೆ. ಅಲಂಕಾರ ಬಂತು, ಕೀಲು ಹೋಯಿತು.

ಧಾರವಾಡದ ಕಸೂತಿಯನ್ನು ಇಟ್ಟು ನೋಡಿ. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸುತ್ತಾರೆ. ದಾರಕ್ಕೆ ಗಂಟು ಹಾಕುವುದಿಲ್ಲ. ಅದರಲ್ಲಿ ಗವಂತಿ ಎಂಬ ಹೊಲಿಗೆಯಿದೆ. ಸೂಜಿ ಹೋಗುವಾಗ ಒಂದು ಬಿಟ್ಟು ಒಂದು ಜಾಗದಲ್ಲಿ ಎಳೆ ಕೂಡಿಸುತ್ತ ಹೋಗುತ್ತದೆ, ಅದೇ ದಾರಿಯಲ್ಲಿ ಮರಳಿ ಬರುತ್ತ ಬಿಟ್ಟ ಜಾಗಗಳನ್ನು ತುಂಬುತ್ತದೆ. ಮುಗಿದಾಗ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರ. ನಮ್ಮ ಹುಡುಗಿ ದೊಡ್ಡ ಮನೆಯಲ್ಲಿ, ತಾನೇ ಕಟ್ಟಿದ ಗೋಪುರದ ವಿನ್ಯಾಸವೊಂದನ್ನು ಸೆರಗಿನ ಮೇಲೆ ಹಾಕುತ್ತಿದ್ದಾಗ ಹೊತ್ತಾಗುತ್ತದೆ, ಹೋದ ಎಳೆ ಮರಳುವ ಮುನ್ನವೇ ಅವಳು ಓಡಬೇಕಾಗುತ್ತದೆ. ಬಿಟ್ಟ ಜಾಗಗಳು ಹಾಗೇ ಖಾಲಿ ಉಳಿದ ಆ ಸೆರಗನ್ನು ಹಿಡಿದು ದೊಡ್ಡ ಮನೆಯವರು ಮನೆ ಮನೆ ತಿರುಗುತ್ತಾರೆ. ಸೂಜಿ ಬಲ್ಲವರು ಬಹಳ, ಆದರೆ ಗೋಪುರದ ಯಾವ ಮೂಲೆಯಲ್ಲಿ ದಾರ ತಿರುಗಬೇಕು ಎಂಬುದು ಕಟ್ಟಿದವಳಿಗಷ್ಟೇ ಗೊತ್ತು. ಈಗ ಗುರುತು ಸಿಗುವುದು ಪಾದದ ಅಳತೆಯಿಂದಲ್ಲ, ಕೈಯ ಬುದ್ಧಿಯಿಂದ. ಕೀಲು ಉಳಿಯಿತು, ಕತೆಯ ಅರ್ಥ ತಾನಾಗಿ ತಿರುಗಿತು. ಹೀಗಾದಾಗ ಮರುಕಥನ ಕೈಗೆ ಹತ್ತಿತು ಎಂದು ತಿಳಿಯಿರಿ.

ಸಿಂಡ್ರೆಲಾ ನಡುರಾತ್ರಿಯೊಳಗೆ ಮರಳಬೇಕೆಂಬ ಗಡುವಿಗೂ ಇದೇ ಪರೀಕ್ಷೆ. ಹುಬ್ಬಳ್ಳಿ-ಧಾರವಾಡ ನಡುವಿನ ಚಿಗರಿ ಬಸ್ಸಿನ ಕೊನೆಯ ಸರದಿಯನ್ನು ಗಡುವಾಗಿ ಇಟ್ಟರೆ ಓದುಗ ನಗುತ್ತಾನೆ, ಮರುಕ್ಷಣ ಆಟೋ ಹಿಡಿಯಬಹುದಲ್ಲ ಎನ್ನುತ್ತಾನೆ. ಗಡುವು ತಪ್ಪಿದರೆ ಏನಾದರೂ ಕಳೆಯಬೇಕು. ಅವಳು ಉಟ್ಟದ್ದು ನೆರೆಮನೆಯವಳ ಇಳಕಲ್ ಸೀರೆ, ಅದನ್ನೇ ಉಟ್ಟು ಆಕೆ ನಸುಕಿನ ಬಸ್ಸಿಗೆ ಎಲ್ಲಮ್ಮನ ಗುಡ್ಡಕ್ಕೆ ಹೊರಡಬೇಕು ಎನ್ನಿ. ಈಗ ಗಡಿಯಾರಕ್ಕೆ ಹಲ್ಲು ಬಂತು.

ಬ್ಯಾಡಗಿಯ ಮೆಣಸಿನಕಾಯಿ, ಗಿರಮಿಟ್ಟು, ಧಾರವಾಡ ಪೇಡೆ ಇವೆಲ್ಲ ಕತೆಯಲ್ಲಿ ಬರಲಿ. ಬಂದರೆ ಏನಾದರೂ ಕೆಲಸ ಮಾಡಲಿ. ಮೆಣಸಿನಕಾಯಿ ತೊಟ್ಟು ಬಿಡಿಸಿ ಬೆರಳು ಉರಿಯುವ ಹುಡುಗಿಗೆ ಕಣ್ಣೀರು ಒರೆಸಿಕೊಳ್ಳಲೂ ಆಗುವುದಿಲ್ಲ. ಅಂಥ ಒಂದು ಸಂಗತಿ ಹತ್ತು ತಿನಿಸಿನ ಹೆಸರಿಗೆ ಸಮ.

ಆರನೆಯದು: ಒಂದನ್ನು ಬದಲಿಸಿದರೆ ಅದರ ಬೆನ್ನು ಹತ್ತಿ ಹೋಗಿ

ಪಂಪ 941ರಲ್ಲಿ ಭಾರತವನ್ನು ಬರೆದಾಗ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಹೆಂಡತಿಯನ್ನಾಗಿ ಮಾಡಿದ. ಎಂಥ ಧೈರ್ಯ! ಆದರೆ ದುಶ್ಶಾಸನನ ರಕ್ತಕ್ಕಾಗಿ ಪ್ರತಿಜ್ಞೆ ಮಾಡಿ ತೀರಿಸಿಕೊಳ್ಳುವವನು ಅವನಲ್ಲೂ ಭೀಮನೇ. ಗಂಡನಿದ್ದೂ ಭಾವ ಏಕೆ ಎದ್ದು ನಿಲ್ಲಬೇಕು ಎಂಬ ಪ್ರಶ್ನೆ ಹಾಗೇ ಉಳಿಯಿತು. ಪಂಪನಿಗೇ ಬಿಡದ ಈ ತೊಡಕು ನಮಗೂ ಬರುತ್ತದೆ. ಆದ್ದರಿಂದ ನೀವು ಮಾಡಿದ ದೊಡ್ಡ ಬದಲಾವಣೆಯನ್ನು ಬರೆದು, ಅದರಿಂದ ಮುಂದೆ ಯಾರ ಮಾತು, ಯಾರ ಸಿಟ್ಟು, ಯಾರ ಊಟದ ಸಾಲು ಬದಲಾಗುತ್ತದೆ ಎಂದು ಪ್ರಸಂಗ ಪ್ರಸಂಗವಾಗಿ ನೋಡಿ. ದೊಡ್ಡ ಬದಲಾವಣೆ ಒಂದೇ ಇರಲಿ. ಮೂರು ಮಾಡಿದರೆ ಹಳೆಯ ಕತೆಯ ಹಂಗೇಕೆ? ಹೊಸದನ್ನೇ ಬರೆಯಿರಿ.

ಕತೆಯನ್ನು ಬದಲಿಸದೆಯೂ ಹೊಸದು ಹೇಳುವ ದಾರಿಯನ್ನು ಕನಕದಾಸರು ತೋರಿಸಿದ್ದಾರೆ. ಲಂಕೆಯಿಂದ ರಾಮ ಮರಳುವ ದಾರಿಯಲ್ಲಿ ಒಂದು ಬಿಡುವು ಹುಡುಕಿ, ಅಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿದರು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಟ್ಟ. ಭತ್ತ ಸೊರಗಿತು, ರಾಗಿ ಗಟ್ಟಿಯಾಗಿ ಹೊರಬಂತು. ರಾಮಾಯಣದ ಒಂದು ಎಳೆಯೂ ಕದಲಲಿಲ್ಲ, ಮೇಲುಕೀಳಿನ ಮಾತು ಮಾತ್ರ ಅಡಿಮೇಲಾಯಿತು. ಹೊಸಬರಿಗೆ ನಾನು ಕೊಡುವ ಮೊದಲ ಅಭ್ಯಾಸ ಇದೇ. ಇಂದು ಹಾವೇರಿಯ ಹೊಲಗಳ ತುಂಬ ಗೋವಿನಜೋಳ. ಬಿಳಿಜೋಳ ಅದರ ಎದುರು ನಿಂತು ನ್ಯಾಯ ಕೇಳಿದರೆ ಏನು ಹೇಳೀತು? ಗೋವಿನಜೋಳ ಸುಮ್ಮನಿರದು, ಸಾಲ ತೀರಿಸಿದ್ದು ತಾನೇ ಎಂದೀತು. ನ್ಯಾಯ ಹೇಳುವವರು ಯಾರು? ಎರಡು ಪುಟದಲ್ಲಿ ಬರೆಯಿರಿ. ಇಬ್ಬರಿಗೂ ಸೋಲದ ವಾದ ಕೊಡಿ. ಗಂಡು ಮೇಲು, ಹೆಣ್ಣು ಮೇಲು ಎಂದು ಎದುರುಬದುರು ಹಾಡುವ ಹರದೇಶಿ-ನಾಗೇಶಿಯ ಲಾವಣಿಕಾರರು ಮಾಡುವುದು ಅದನ್ನೇ: ಒಂದು ಪಕ್ಷ ಸಪ್ಪೆಯಾದರೆ ಇನ್ನೊಂದರ ಗೆಲುವಿಗೂ ರುಚಿಯಿಲ್ಲ.

ಏಳನೆಯದು: ಯಾರು ಯಾವ ಕನ್ನಡ ಆಡುತ್ತಾರೆ

ನಿರೂಪಣೆ ಬರಹದ ಕನ್ನಡದಲ್ಲಿ, ಮಾತುಕತೆ ಊರಿನ ನುಡಿಯಲ್ಲಿ ಇರಲಿ ಎಂಬುದು ಸಾಮಾನ್ಯ ಸಲಹೆ. ನಾನೂ ಅದನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ ಸೇರಿಸುತ್ತೇನೆ. ದೇವಿಗೆ, ರಾಜನಿಗೆ ಗ್ರಂಥದ ಭಾಷೆ ಕೊಟ್ಟು, ಆಳಿಗೆ, ಅಗಸಗಿತ್ತಿಗೆ ಮಾತ್ರ ಧಾರವಾಡದ ಮಾತು ಕೊಡಬೇಡಿ. ಅದರಿಂದ ನಮ್ಮ ನುಡಿ ನಗೆಯ ಸರಕಾಗುತ್ತದೆ. ಜಮದಗ್ನಿಯೂ ರೇಣುಕೆಯೂ ನಮ್ಮ ಓಣಿಯ ಮಾತನ್ನೇ ಆಡಲಿ. ಆ ಸಿಟ್ಟು ಆಗ ಎಷ್ಟು ಹತ್ತಿರದ್ದೆನಿಸುತ್ತದೆ ನೋಡಿ.

ಎಂಟನೆಯದು: ಹೂಂಗುಟ್ಟುವವರನ್ನು ಕೂಡಿಸಿಕೊಳ್ಳಿ

ಕತೆ ಹೇಳುವಾಗ ಎದುರಿಗೆ ಕುಳಿತವರು "ಹೂಂ" ಎನ್ನುತ್ತ ಇರಬೇಕು ಎಂಬುದು ನಮ್ಮ ಮನೆಗಳ ರೂಢಿ. ತಿದ್ದುವುದಕ್ಕೆ ಇದಕ್ಕಿಂತ ಒಳ್ಳೆಯ ಸಾಧನ ನಾನು ಕಂಡಿಲ್ಲ. ಬರೆದದ್ದನ್ನು ಒಬ್ಬರಿಗೆ ಗಟ್ಟಿಯಾಗಿ ಓದಿ, ಹೂಂಗುಟ್ಟಲು ಹೇಳಿ. "ಹೂಂ" ತಡವಾದ ಕಡೆ ಪೆನ್ಸಿಲಿನಿಂದ ಗೆರೆ ಹಾಕಿ. ಆ ಗೆರೆಗಳ ಹತ್ತಿರ ನೀವು ಬಹುಶಃ ಅರ್ಥ ವಿವರಿಸುತ್ತಿರುತ್ತೀರಿ. ವಿವರಣೆ ತೆಗೆದು ಮತ್ತೆ ಓದಿ. ಮುಗಿತಾಯಕ್ಕೂ ಇದೇ ಅಳತೆ. ಕುಮಾರವ್ಯಾಸ ಹದಿನೆಂಟು ಪರ್ವ ಹೇಳಲಿಲ್ಲ, ಹತ್ತಕ್ಕೇ ನಿಂತ. ಅವನಿಗೆ ಬೇಕಿದ್ದ ಕೃಷ್ಣನ ಕತೆ ಅಲ್ಲಿಗೆ ತುಂಬಿತ್ತು.

ಪ್ರಕಟಿಸುವ ಮುನ್ನ

ಜನಪದ ಕತೆ ಯಾರೊಬ್ಬರ ಸೊತ್ತೂ ಅಲ್ಲ. ಆದರೆ ಅದನ್ನು ಸಂಗ್ರಹಿಸಿ ಅಚ್ಚು ಮಾಡಿದವರ ವಾಕ್ಯಗಳು, ಅನುವಾದ ಮಾಡಿದವರ ವಾಕ್ಯಗಳು ಅವರವು. ನಮ್ಮ ದೇಶದ ಕಾನೂನಿನಲ್ಲಿ ಲೇಖಕರ ಹಕ್ಕು ಅವರ ಜೀವಿತಕಾಲ ಮತ್ತು ಅನಂತರ 60 ವರ್ಷ ಇರುತ್ತದೆ. ಕತೆಯ ನಡೆಯನ್ನು ತೆಗೆದುಕೊಳ್ಳಿ, ವಾಕ್ಯವನ್ನು ಬಿಡಿ. ಈಗಿನ ಲೇಖಕರು ಕಟ್ಟಿದ ಮರುಕಥನದಿಂದ ಅವರ ಹೊಸ ಪಾತ್ರವನ್ನು ಎತ್ತಿಕೊಳ್ಳಬೇಡಿ.

ನಂಬಿಕೆ ಇನ್ನೂ ಉಸಿರಾಡುತ್ತಿರುವ ಕತೆಗಳಿಗೆ ಬೇರೆ ಜವಾಬ್ದಾರಿಯಿದೆ. ಗಣೇಶ ಚೌತಿಯ ಬೆನ್ನಿಗೆ ಅಂಬಿಗರ ಹೆಂಗಸರು ಜೋಕುಮಾರನನ್ನು ಬುಟ್ಟಿಯಲ್ಲಿಟ್ಟು ಮನೆ ಮನೆಗೆ ಹೊತ್ತು ಹಾಡುತ್ತಾರೆ. ಅವನ ಆಯುಷ್ಯ ಏಳು ದಿನ. ಅಗಸರ ಕೈಯಲ್ಲಿ ಸತ್ತನೆಂದು ಕತೆ, ಅವನಿಂದ ಮಳೆ ಬೆಳೆ ಎಂದು ನಂಬಿಕೆ. ಇದನ್ನು ಮತ್ತೆ ಹೇಳಬಾರದೆಂದು ನಾನು ಹೇಳಲಾರೆ, ಬರೆಯಲೇಬೇಕಾದ ಕತೆ ಅದು. ಬರೆಯುವ ಮುನ್ನ ಬುಟ್ಟಿ ಹೊರುವವರ ಹತ್ತಿರ ಕುಳಿತು ಪೂರ್ತಿ ಹಾಡು ಕೇಳಿ. ಕೊಂದವರೆಂದು ಕತೆಯಲ್ಲಿ ಹೆಸರಾದ ಸಮುದಾಯ ಇಂದೂ ನಿಮ್ಮ ಓಣಿಯಲ್ಲಿದೆ ಎಂಬುದನ್ನು ನೆನಪಿಡಿ; ಅವರ ಮನೆಯ ಪಾಠವೇ ಬೇರೆ ಇರಬಹುದು, ಅದನ್ನೂ ಕೇಳಿ. ಅಚ್ಚಿಗೆ ಕಳಿಸುವ ಮೊದಲು ಹೇಳಿದವರಿಗೆ ಓದಿ ತೋರಿಸಿ. ಅವರು ಒಪ್ಪದ ಮಾತಿದ್ದರೆ ವಾದಕ್ಕೆ ನಿಲ್ಲದೆ ಅದನ್ನು ಹಾಳೆಯ ಅಂಚಿನಲ್ಲಿ ಬರೆದುಕೊಳ್ಳಿ, ಎರಡು ದಿನ ಬಿಟ್ಟು ತೀರ್ಮಾನಿಸಿ. ಕತೆಯ ತಲೆಬರಹದ ಕೆಳಗೆ, ಅವರು ಒಪ್ಪಿದರೆ, ಯಾವ ಊರಿನ ಯಾರಿಂದ ಕೇಳಿದ್ದು ಎಂದು ಒಂದು ಸಾಲು ಹಾಕಿ. ಪ್ರಕಟವಾದ ಪ್ರತಿಯೊಂದನ್ನು ಅವರಿಗೂ ಮುಟ್ಟಿಸಿ.